ಅತ್ತೆಯ ಹಿಮ್ಮಡಿ, ನಾಯಿಯ ನಾಲಿಗೆ

ಇವತ್ತು ಬೆಳಿಗ್ಗೆ ಕೊಟ್ಟಿಗೆಯ ಸಗಣಿ ಬಾಚಿದೆ. ಬಾಗಿಲಿಗೆ ನೀರು ಚೆಲ್ಲಿ ಸಣ್ಣದೊಂದು ರಂಗೋಲಿ ಬಿಟ್ಟೆ. ಎರಡು ಹಸುವಿನ ಹಾಲು ಕರೆದು ಡೈರಿಗೆ ಹಾಕಿ ಬಂದೆ. ಹುರುಳಿಕಾಳು ಬೇಯಿಸಿ ಕಟ್ಟು ಬಸಿದು ಮುಚ್ಚಿಟ್ಟೆ, ಸಂಜೆ ಬಂದಮೇಲೆ ಒಂದು ಕುದಿ ಕುದಿಸಿ ಖಾರ ಅರೆದರೆ ಉಪ್ಪುಸಾರು ಆಗಲಿ ಎಂದು. ಮಧ್ಯಾಹ್ನ ಹಸುವಿಗೆ ನೀರು ತೋರಿಸಬೇಕೆಂದು ನಮ್ಮನೆಯವರಿಗೆ ಎರಡು ಸಲ ಹೇಳಿದೆ. ಅತ್ತೆಯ ಬಲಗಾಲನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಬೆರಳ ಸಂದಿಯನ್ನೆಲ್ಲ ಒರೆಸಿ, ಹಿಮ್ಮಡಿಯನ್ನು ಬೆಳಕಿಗೆ ತಿರುಗಿಸಿ ನೋಡಿ, ಮುಲಾಮು ಹಚ್ಚಿ, ಬಿಳಿ ಕಾಲುಚೀಲ ತೊಡಿಸಿದೆ. ಕೊನೆಗೆ ಒಂದು ಹೊಸ ಹಗ್ಗವನ್ನು ಸುತ್ತಿ ಬ್ಯಾಗಿನ ತಳಕ್ಕೆ ಹಾಕಿದೆ. ಆಮೇಲೆ ಅತ್ತೆಯೂ ನಾನೂ ಮಳವಳ್ಳಿ ಬಸ್ಸು ಹತ್ತಲು ಮದ್ದೂರಿಗೆ ಹೊರಟೆವು. ನನ್ನ ತಮ್ಮನ ಮನೆಯಲ್ಲಿರುವ ನಮ್ಮ ನಾಯಿಯನ್ನು ವಾಪಸ್ ಕರೆತರುವುದಿತ್ತು.

ಅದು ಮನೆ ಬಿಟ್ಟು ಮೂರು ತಿಂಗಳಿಗೆ ಹತ್ತಿರವಾಗಿತ್ತು.

ಅದಕ್ಕೆ ಹೆಸರು ಅಂತ ಒಂದಿಲ್ಲ. ನಾಲ್ಕು ವರ್ಷದ ಹಿಂದೆ ಕಬ್ಬು ಕಡಿಯುವಾಗ ಸೋಗೆಯ ರಾಶಿಯಲ್ಲಿ ಕುಂಯ್‌ಗುಡುತ್ತ ಬಿದ್ದಿತ್ತು. ನಮ್ಮನೆಯವರು ಟವಲಿನಲ್ಲಿ ಸುತ್ತಿಕೊಂಡು ಬಂದು ಜಗಲಿಯ ಮೇಲೆ ಬಿಟ್ಟರು. ‘ಇದ್ಯಾಕ್ಲಾ ತಂದೆ? ನಿಮ್ಮಿಬ್ರುನ್ನ ನೋಡ್ಕಳದೇ ನಂಗೆ ಸಾಕಾಗ್ಯದೆ’ ಎಂದು ಅತ್ತೆ ಮಗನನ್ನು ಬೈದರು. ವಾರ ಕಳೆಯುವುದರೊಳಗೆ ಅತ್ತೆಯ ತಟ್ಟೆಯ ಕೊನೆಯ ತುತ್ತು ಮುದ್ದೆ ಅದರ ಪಾಲಾಯಿತು. ಸಾರಿಗೆ ಅದ್ದುವ ಮೊದಲೇ ಒಂದು ತುತ್ತನ್ನು ಮುರಿದು ತಟ್ಟೆಯ ಅಂಚಿಗೆ ಅಂಟಿಸಿಡುವರು. ಉಂಡು ಎದ್ದಮೇಲೆ ಅದನ್ನು ಉರುಟು ಮಾಡಿ ಜಗಲಿಗೆ ಒಯ್ಯುವರು. ಕಂದು ಮೈ, ಎಡಗಿವಿ ಯಾವಾಗಲೂ ಮಡಚಿಕೊಂಡೇ ಇರುತ್ತದೆ. ‘ಬಾರ್ಲಾ’ ಅಂದರೆ ಬರುವುದು, ‘ಓಗ್ಲಾ’ ಅಂದರೂ ಬರುವುದು.

ಅತ್ತೆಗೆ ಎಪ್ಪತ್ತರ ಹತ್ತಿರ. ನಾಟಿ, ಕಳೆ ಎಂದು ಆಯಸ್ಸೆಲ್ಲ ಗದ್ದೆಯ ಕೆಸರಲ್ಲಿ ನಿಂತ ಕಾಲು ಅವರದು. ಚಳಿ ಶುರುವಾದರೆ ಹಿಮ್ಮಡಿ ನೀರಿಂಗಿದ ಗದ್ದೆಯ ಹಾಗೆ ಬಿರಿಯುತ್ತದೆ. ಸಕ್ಕರೆ ಕಾಯಿಲೆಯೂ ಇದೆ. ಅದು ಬಂದಮೇಲೆ ಪಾದಕ್ಕೆ ಮುಳ್ಳು ಹೊಕ್ಕರೂ ಬೇಗ ತಿಳಿಯುವುದಿಲ್ಲ, ಬಿರುಕಿನಲ್ಲಿ ಒಂದು ಥರ ಕಡಿತ ಮಾತ್ರ. ಸಂಜೆ ಕೈಕಾಲು ತೊಳೆದು ಜಗಲಿಯ ಮೇಲೆ ಕಂಬಕ್ಕೊರಗಿ ಬಲಗಾಲು ಚಾಚಿದರೆಂದರೆ ನಾಯಿ ಎಲ್ಲಿದ್ದರೂ ಬಂದು ಹಿಮ್ಮಡಿಯ ಹತ್ತಿರ ಕುಕ್ಕರಿಸುವುದು. ಬಿರುಕು ಬಿರುಕನ್ನೂ ಹುಡುಕಿ ಹುಡುಕಿ ನೆಕ್ಕುವುದು. ಅತ್ತೆ ಕಣ್ಣು ಮುಚ್ಚಿಕೊಂಡು, ಬಾಯಲ್ಲಿ ಎಲೆಅಡಿಕೆ ಹಾಕಿಕೊಂಡು, ದಾರಿಯಲ್ಲಿ ಹೋಗುವವರನ್ನು ಚಪ್ಪಲಿ ಸದ್ದಿನಿಂದಲೇ ಗುರುತು ಹಿಡಿದು ಮಾತಾಡಿಸುವರು.

‘ಅತ್ತೆ, ಒಡೆದ ಕಾಲು ಅದು, ಬಾಯಿ ಹಾಕಿಸಬೇಡಿ’ ಎಂದು ಮೊದಮೊದಲು ನಾನು ಅಂದಿದ್ದೇನೆ.

‘ಅದ್ಕೆ ಗಾಯ ಆದ್ರೆ ಯಾವ್ ಡಾಕುಟ್ರು ತಾವ ಓಯ್ತದಮ್ಮಿ? ನೆಕ್ಕಿ ನೆಕ್ಕಿ ವಾಸಿ ಮಾಡ್ಕತದೆ. ನಂದ ಮಾಡಕ್ಕಿಲ್ವಾ?’

ನಮ್ಮ ಕಡೆ ಇದು ಅತ್ತೆ ಒಬ್ಬರ ನಂಬಿಕೆಯಲ್ಲ. ಕುಡುಗೋಲು ತಗುಲಿದ ಕೈಯನ್ನೂ ನಾಯಿಯ ಮುಂದೆ ಹಿಡಿದವರನ್ನು ನಾನು ಕಂಡಿದ್ದೇನೆ. ನಾಯಿಯ ನಾಲಿಗೆಯಲ್ಲಿ ಔಷಧಿ ಇದೆ ಎಂದು ನನ್ನ ತವರಿನಲ್ಲೂ ಅನ್ನುತ್ತಿದ್ದರು. ಆದರೆ ನಾನು ಎರಡನೆಯ ಸಲ ಹೇಳದೆ ಸುಮ್ಮನಾದದ್ದು ನಂಬಿಕೆಯಿಂದಲ್ಲ. ನಾಯಿ ಬರುವ ಮುಂಚೆ ಆ ಹಿಮ್ಮಡಿ ನನ್ನ ಕೆಲಸವಾಗಿತ್ತು. ಹರಳೆಣ್ಣೆಗೆ ಮೇಣ ಕರಗಿಸಿ ಸಂಜೆ ಹೊತ್ತು ತಿಕ್ಕಬೇಕು. ಅದೇ ಹೊತ್ತಿಗೆ ಹಾಲು ಕರೆಯುವುದು, ಅದೇ ಹೊತ್ತಿಗೆ ಒಲೆ ಹಚ್ಚುವುದು. ನಾನು ಗಡಿಬಿಡಿಯಲ್ಲಿ ನಾಲ್ಕು ಸಲ ತಿಕ್ಕಿ ಎದ್ದುಬಿಡುತ್ತಿದ್ದೆ. ನಾಯಿ ಆ ಕೆಲಸ ವಹಿಸಿಕೊಂಡಿತು. ಎಣ್ಣೆ ಬಟ್ಟಲು ಗೂಡಿನಲ್ಲಿ ಧೂಳು ಹಿಡಿಯಿತು. ನನಗೆ ಹಾಯೆನಿಸಿತು. ಅಷ್ಟೇ ನಿಜ.

ಸಂಕ್ರಾಂತಿ ಕಳೆದು ಎರಡು ದಿನಕ್ಕೆ ಅತ್ತೆಗೆ ಚಳಿಜ್ವರ ಬಂತು. ಎಳ್ಳುಬೆಲ್ಲ ಹೆಚ್ಚಾಯಿತು, ಇಬ್ಬನಿಯಲ್ಲಿ ಓಡಾಡಿದರು ಎಂದುಕೊಂಡೆವು. ಮಾರನೆಯ ಬೆಳಿಗ್ಗೆ ಎದ್ದು ಕಾಲೂರಲು ಹೋದವರು ಕೂತುಬಿಟ್ಟರು. ಸೀರೆ ಸರಿಸಿ ನೋಡಿದರೆ ಪಾದ ಊದಿ ಹೊಳೆಯುತ್ತಿತ್ತು. ಹಿಮ್ಮಡಿಯ ಒಂದು ಬಿರುಕಿನಿಂದ ನೀರಿನಂಥ ಕೀವು. ಕೆಂಪು ಬಣ್ಣ ಕಾಲ್ಗಂಟಿನ ಮೇಲಕ್ಕೆ ಹತ್ತಿತ್ತು. ಮುಟ್ಟಿದರೆ ಕಾದ ತಪ್ಪಲೆಯ ಬಿಸಿ. ಮದ್ದೂರಿನಲ್ಲಿ ತೋರಿಸಿದಾಗ ಅಲ್ಲಿನ ಡಾಕ್ಟರು ಒಂದೇ ನೋಟಕ್ಕೆ, ‘ಇಲ್ಲಿ ಆಗಲ್ಲ, ಮಂಡ್ಯಕ್ಕೆ ಕರ್ಕೊಂಡು ಹೋಗಿ, ಈಗಲೇ’ ಎಂದರು.

ಮಂಡ್ಯದ ಆಸ್ಪತ್ರೆಯಲ್ಲಿ ನೋಡಿದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕೆಂಪು ಎಲ್ಲಿಯವರೆಗೆ ಹತ್ತಿದೆಯೋ ಅಲ್ಲಿ ಪೆನ್ನಿನಲ್ಲಿ ಕಾಲಿನ ಸುತ್ತ ಒಂದು ಗೆರೆ ಎಳೆದರು. ಈ ಗೆರೆ ದಾಟುತ್ತದೋ ಇಳಿಯುತ್ತದೋ ನೋಡಬೇಕು ಅಂದರು. ಆಮೇಲೆ ಅತ್ತೆಯ ಮುಖದ ಹತ್ತಿರ ಬಗ್ಗಿ ಕೇಳಿದರು.

‘ಅಜ್ಜಿ, ನಾಯಿ ಏನಾದ್ರೂ ಕಚ್ಚಿತ್ತಾ?’

‘ಇಲ್ಲ ಕಣವ್ವ.’

‘ಪರಚಿತ್ತಾ? ಮನೇಲಿ ನಾಯಿ, ಬೆಕ್ಕು ಏನಾದ್ರೂ ಇದ್ಯಾ?’

‘ನಮ್ಮಟ್ಟಿಲಿ ನಾವೇ ಮೂರ್ ಜನ. ನಾಯಿಗೀಯಿ ಯಾವ್ದೂ ಇಲ್ಲ.’

ನಾನು ನಮ್ಮನೆಯವರ ಮುಖ ನೋಡಿದೆ. ಅವರು ಮೇಲೆ ತಿರುಗುತ್ತಿದ್ದ ಫ್ಯಾನು ನೋಡುತ್ತಿದ್ದರು. ಡಾಕ್ಟರು ಆಚೆ ಮಂಚಕ್ಕೆ ಹೋದಾಗ ಅತ್ತೆ ನನ್ನ ಸೆರಗು ಹಿಡಿದು ಎಳೆದರು. ‘ಬಾಯ್ ಬುಟ್ಟೀಯ ಮತ್ತೆ. ನಾಯಿ ಅಂದ್ರೆ ಇಡ್ಕಂಡೋಗಿ ಸೂಜಿ ಚುಚ್ಚಿ ಮಲಗಿಸ್ಬುಡ್ತಾರೆ. ಅದು ನಂಗೆ ಅಲ್ಲು ತಾಕಿಸಿಲ್ಲ, ಅದ್ರಿಂದ ಏನೂ ಆಗಿಲ್ಲ.’

ಜ್ವರದ ಕೈ ಅದು, ನನ್ನ ಸೆರಗಿನ ಮೂಲಕವೂ ಸುಡುತ್ತಿತ್ತು. ಗೆರೆಯ ಕಡೆ ನೋಡಿದೆ. ನನ್ನ ಕಣ್ಣಿಗೆ ಆಗಲೇ ಕೆಂಪು ಗೆರೆಗೆ ತಾಗಿದಂತೆ ಕಂಡಿತು. ಎದ್ದು ಡಾಕ್ಟರ ಹಿಂದೆ ನಾಲ್ಕು ಹೆಜ್ಜೆ ಹೋದೆ. ‘ಮೇಡಂ, ನಾಯಿ ಇದೆ. ಕಚ್ಚಿಲ್ಲ. ದಿನಾ ಸಂಜೆ ಹಿಮ್ಮಡಿ ನೆಕ್ಕುತ್ತೆ.’

ಅವರು ನಿಂತರು. ‘ಒಡೆದಿರೋ ಹಿಮ್ಮಡೀನಾ?’

‘ಹ್ಞೂಂ.’

‘ಹೇಳಿದ್ದು ಒಳ್ಳೇದಾಯ್ತು. ಕೀವಿನ ರಿಪೋರ್ಟ್ ಬರೋಕೆ ಎರಡು ದಿನ ಆಗುತ್ತೆ. ಅಷ್ಟರೊಳಗೆ ಯಾವ ಔಷಧಿ ಕೊಡ್ಬೇಕು ಅನ್ನೋದಕ್ಕೆ ಒಂದು ದಾರಿ ಸಿಕ್ತು.’ ವಾಪಸ್ ಬಂದು ಅತ್ತೆಯ ಮುಂದೆಯೇ ನನಗೆ ಬಿಡಿಸಿ ಹೇಳಿದರು. ಆರೋಗ್ಯವಾಗಿರುವ ನಾಯಿಯ ಬಾಯಲ್ಲೂ ಬ್ಯಾಕ್ಟೀರಿಯಾ ಇರುತ್ತವಂತೆ. ನಾಯಿಗೆ ಅವು ಏನೂ ಮಾಡುವುದಿಲ್ಲವಂತೆ. ಗಟ್ಟಿ ಚರ್ಮದ ಮೇಲೆ ನೆಕ್ಕಿದರೆ ನಮಗೂ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ‘ಆದ್ರೆ ಇಲ್ಲಿ ಚರ್ಮ ಒಡೆದು ಬಾಗಿಲು ತೆಗೆದಂಗಾಗಿದೆ. ಮೇಲಿಂದ ಶುಗರ್. ಒಳಗೆ ಹೋದದ್ದು ಬೆಳೀತಾ ಹೋಗುತ್ತೆ, ಅಜ್ಜಿಗೆ ನೋವೂ ಗೊತ್ತಾಗಲ್ಲ. ನಾಳೆಯೊಳಗೆ ಕೆಂಪು ಇಳೀದಿದ್ರೆ ಹಿಮ್ಮಡಿ ಕೊಯ್ದು ಬಿಡಿಸ್ಬೇಕಾಗುತ್ತೆ. ಅಲ್ಲಿಗೂ ನಿಲ್ಲದಿದ್ರೆ ಪಾದದ ಮಾತು ಬರುತ್ತೆ.’

ಡ್ರಿಪ್ಪಿನ ಔಷಧಿ ಬದಲಾಯಿಸಿದರು. ಕಚ್ಚದೇ ಇದ್ದರೂ ಒಡೆದ ಚರ್ಮ ನೆಕ್ಕಿದೆಯಾದ್ದರಿಂದ ಹುಚ್ಚುನಾಯಿ ಕಾಯಿಲೆಗೆ ಕೊಡುವ ಸೂಜಿಯನ್ನೂ ಶುರುಮಾಡಿದರು. ಅತ್ತೆ ಗೋಡೆಯ ಕಡೆಗೆ ಮುಖ ತಿರುಗಿಸಿದರು.

‘ನೀನೇ ಏಳ್ಬುಟ್ಟೆ ಅಲ್ವಾ’ ಅಂದದ್ದು ಅಷ್ಟೇ. ಆಮೇಲೆ ನನ್ನ ಜೊತೆ ಮಾತು ಬಿಟ್ಟರು. ನೀರು ಬೇಕಾದರೆ ಪಕ್ಕದ ಮಂಚದವರ ಕೈಲಿ ಕೇಳಿಸಿದರು.

ಮಾರನೆಯ ದಿನ ಮಧ್ಯಾಹ್ನ ಕೆಂಪು ಗೆರೆಯಿಂದ ಒಂದು ಬೆರಳಷ್ಟು ಕೆಳಗಿಳಿದಿತ್ತು. ಅದರ ಮಾರನೆಯ ದಿನ ಎರಡು ಬೆರಳು. ರಿಪೋರ್ಟ್ ಬಂದಾಗ ಡಾಕ್ಟರು ನನ್ನ ಕಡೆ ನೋಡಿ, ‘ನಾಯಿ ಬಾಯಲ್ಲಿರೋ ಜಾತಿಯೇ’ ಅಂದರು. ಹಿಮ್ಮಡಿಯ ಸತ್ತ ಚರ್ಮ, ಒಳಗಿನ ಹಾಳಾದ ಒಂದಿಷ್ಟು ಮಾಂಸ ತೆಗೆದರು. ಒಂದು ನಿಂಬೆಹಣ್ಣು ಕೂರುವಷ್ಟು ಗುಳಿ. ಪಾದ ಉಳಿಯಿತು.

ನಾಯಿ ಮಾತ್ರ ಅಷ್ಟರಲ್ಲಿ ಹೋಗಿಯಾಗಿತ್ತು. ನಾನು ಡಾಕ್ಟರಿಗೆ ಹೇಳಿದ ಸಂಜೆಯೇ ನಮ್ಮನೆಯವರು ಹಾಲು ಕರೆಯಲು ಊರಿಗೆ ಹೋದವರು ನನ್ನ ತಮ್ಮನಿಗೆ ಫೋನು ಮಾಡಿದ್ದರು. ಅವನದು ಮಳವಳ್ಳಿ ಪಕ್ಕದ ಹಳ್ಳಿ, ಗೂಡ್ಸ್ ಆಟೋ ಇಟ್ಟಿದ್ದಾನೆ. ಟೊಮೆಟೊ ಕ್ರೇಟುಗಳ ಮಧ್ಯೆ ನಾಯಿಯನ್ನು ಕಟ್ಟಿಕೊಂಡು ಹೋಗಿದ್ದ. ನಾನು ಎರಡು ದಿನ ಬಿಟ್ಟು ಬಟ್ಟೆ ತರಲು ಮನೆಗೆ ಬಂದಾಗ ಜಗಲಿ ಖಾಲಿ. ನಾಯಿ ನೀರು ಕುಡಿಯುವ ಬೋಸಿ ಬೋರಲು ಹಾಕಿತ್ತು. ಅದು ಹೋಗುವಾಗ ಕೂಗಿತೋ, ಸುಮ್ಮನೆ ಹತ್ತಿತೋ ಎಂದು ಕೇಳಬೇಕೆನಿಸಿತು.

‘ಡಾಕ್ಟ್ರನ್ನ ಒಂದ್ ಮಾತು ಕೇಳ್ಬಾರದಿತ್ತಾ?’ ಅಂದೆ.

‘ಏನ್ ಕೇಳದು? ಅವ್ವ ಬಂದು ಮತ್ತೆ ಕಾಲ್ ಚಾಚ್ತಳೆ, ಅದು ಮತ್ತೆ ನೆಕ್ತದೆ. ಯಾರ್ನ ಕಟ್ಟಾಕನ, ಅವ್ವನ್ನ ಕಟ್ಟಾಕನಾ?’ ಎಂದು ನಮ್ಮನೆಯವರು ಕೊಟ್ಟಿಗೆಗೆ ಹೊರಟರು. ಅವರ ದನಿ ಒಂದು ಥರ ಇತ್ತು. ಟವಲಿನಲ್ಲಿ ಸುತ್ತಿಕೊಂಡು ತಂದವರು ಅವರೇ ಅಲ್ಲವೇ.

ಡಾಕ್ಟರಿಗೆ ತಿಳಿದಾಗ ಅವರು ಹಣೆ ಹಣೆ ಚಚ್ಚಿಕೊಂಡರು. ‘ನಾಯೀನ ಹತ್ತು ದಿನ ಕಣ್ಣೆದುರು ಇಟ್ಕೊಂಡು ನೋಡ್ಬೇಕಿತ್ತು. ಇರಲಿ, ಅಲ್ಲೇ ಕಟ್ಟಿಹಾಕಿ, ತಿನ್ನುತ್ತಾ, ನೀರು ಕುಡಿಯುತ್ತಾ ಅಂತ ದಿನಾ ಕೇಳಿ ನನಗೆ ಹೇಳಿ.’

ಹೀಗೆ ಹತ್ತು ದಿನ ನನಗೊಂದು ಕೆಲಸ ಸಿಕ್ಕಿತು. ಸಂಜೆ ಆಸ್ಪತ್ರೆಯ ಕಿಟಕಿಯ ಹತ್ತಿರ ನಿಂತು ತಮ್ಮನಿಗೆ ಫೋನು ಮಾಡುವುದು. ಅತ್ತೆ ಇನ್ನೂ ಮುನಿಸಿನಲ್ಲೇ ಇದ್ದರು, ಆದರೆ ಫೋನಿನ ಹೊತ್ತಿಗೆ ದಿಂಬಿಗೆ ಒರಗಿ ಕೂರುವರು.

‘ಉಂಡ್ತೇನ್ಲಾ?’ ಎಂದು ನಾನು ಕೇಳುವುದು.

‘ಉಂಡದೆ ಕಣಕ್ಕ. ಮುದ್ದೆ ಇಕ್ಕುದ್ರೆ ಮೂಸ್ತದೆ, ನನ್ ಮಕ ನೋಡ್ತದೆ, ಆಮೇಲ್ ತಿಂತದೆ. ನಮ್ಮ ಮುದ್ದೆ ನಿಮ್ಮಟ್ಟಿ ಮುದ್ದೆಯಂಗಿಲ್ಲ ಅಂತೇನೋ.’

ಅದನ್ನು ನಾನು ಅತ್ತೆಯ ಕಡೆ ತಿರುಗದೆ, ಗಟ್ಟಿಯಾಗಿ, ಕಿಟಕಿಗೆ ಹೇಳುವಂತೆ ಹೇಳುತ್ತಿದ್ದೆ. ನಾಲ್ಕನೆಯ ದಿನವೋ ಐದನೆಯ ದಿನವೋ ಅತ್ತೆ ನನ್ನ ಕಡೆ ನೋಡದೆ, ‘ಬಿಸಿ ಮುದ್ದೆ ಇಕ್ಬುಟ್ಟಿದ್ದಾನು. ಆರ್ಸಿ ಇಕ್ಕಕ್ಕೇಳು’ ಎಂದರು. ನಮ್ಮ ಮಾತು ಮತ್ತೆ ಶುರುವಾದದ್ದು ಹಾಗೆ.

ಹತ್ತು ದಿನ ಆಯಿತು. ನಾಯಿ ಚೆನ್ನಾಗಿತ್ತು. ಡಾಕ್ಟರು, ‘ಇನ್ನು ಕೇಳೋದು ಬೇಡ’ ಅಂದರು. ಹನ್ನೊಂದನೆಯ ಸಂಜೆ ಅತ್ತೆ ಅದೇ ಹೊತ್ತಿಗೆ ದಿಂಬಿಗೆ ಒರಗಿ ಕೂತರು. ನಾನು ಫೋನು ಹಿಡಿದುಕೊಂಡು ಕಿಟಕಿಯ ಹತ್ತಿರ ಹೋದೆ. ಯಾಕೆ ಮಾಡಲಿ ಎಂದು ಹೊಳೆಯಲಿಲ್ಲ. ವಾಪಸ್ ಬಂದು ಕಿತ್ತಳೆ ಸುಲಿದುಕೊಟ್ಟೆ.

ಮನೆಗೆ ಬಂದಮೇಲೆ ಇನ್ನೊಂದು ಶುರುವಾಯಿತು. ಅತ್ತೆ ಇನ್ನು ಮುಂದೆ ಮನೆಯೊಳಗೂ ಬರಿಗಾಲಲ್ಲಿ ನಡೆಯಬಾರದು ಎಂದು ಡಾಕ್ಟರ ಅಪ್ಪಣೆ. ಮೆತ್ತನೆಯ ಚಪ್ಪಲಿ, ಒಳಗೆ ಬಿಳಿಯ ಕಾಲುಚೀಲ. ಬಿಳಿಯೇ ಆಗಬೇಕು, ಕೀವೋ ರಕ್ತವೋ ಒಂದು ಚುಕ್ಕೆ ತಗುಲಿದರೂ ಕಾಣಬೇಕು. ನಾನು ಮದ್ದೂರು ಪೇಟೆಗೆ ಹೋಗಿ ಸ್ಕೂಲು ಮಕ್ಕಳ ಕಾಲುಚೀಲ ನಾಲ್ಕು ಜೊತೆ ತಂದೆ. ಅತ್ತೆ ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿ ಕೆಳಗಿಟ್ಟರು. ಗದ್ದೆಯ ಬದುವಿನಲ್ಲೇ ಚಪ್ಪಲಿ ಬಿಟ್ಟು ಇಳಿಯುವವರು ಅವರು. ಹೊಸಿಲ ಒಳಗೆ ಕಾಲಿಗೆ ಏನನ್ನೂ ಹಾಕಿಕೊಂಡವರಲ್ಲ.

‘ಒಲೆ ಮುಂದ್ಕೆ ಚಪ್ಲಿ ಮೆಟ್ಕಂಡ್ ಓಗನಾ? ದೇವ್ರ್ ಮುಂದ್ಕೆ ಮೆಟ್ಕಂಡ್ ಓಗನಾ? ಅದ್ಕಿಂತ ಕಾಲ್ನೇ ತಗದಿದ್ರೆ ಆಯ್ತಿತ್ತು’ ಎಂದು ಒಂದು ವಾರ ಹಟ ಹಿಡಿದರು. ನಾನು ಕಣ್ಣು ತಪ್ಪಿದರೆ ಬಿಚ್ಚಿ ಮಂಚದ ಕೆಳಗೆ ಹಾಕುವರು. ಒಂದು ದಿನ ಪಕ್ಕದ ಮನೆಯವಳು ಬಾಗಿಲಲ್ಲಿ ನಿಂತು, ‘ಏನ್ ದೊಡ್ಡವ್ವ, ಸ್ಕೂಲ್ಗೆ ಸೇರ್ಕಂಡ್ರಾ? ಟೈ ಎಲ್ಲಿ?’ ಎಂದು ನಕ್ಕಳು. ಅತ್ತೆ ಎರಡು ದಿನ ಜಗಲಿಗೇ ಬರಲಿಲ್ಲ.

ಕೊನೆಗೆ ನಾನೇ ಒಂದು ಮಾತು ಅಂದೆ. ‘ಅತ್ತೆ, ಗಾಯ ಮಾಯ್ದು, ಕಾಲು ಮುಚ್ಚಿಕೊಂಡಿರೋದು ರೂಢಿ ಆದ್ರೆ, ನಾಯೀನ ಕರ್ಕೊಂಡು ಬರಬಹುದಾ ಅಂತ ಡಾಕ್ಟ್ರನ್ನ ಕೇಳ್ತೀನಿ.’

ಅತ್ತೆ ನನ್ನನ್ನೇ ನೋಡಿದರು. ‘ನೀನೇನ್ ನಂಗೆ ಮಕ್ಕಳ್ಗೆ ಮಿಠಾಯಿ ತೋರ್ಸ್ದಂಗೆ ತೋರುಸ್ತಿದ್ದೀಯ?’ ಅಂದರು. ಮಾರನೆಯ ಬೆಳಿಗ್ಗೆ ಮಾತ್ರ ನಾನು ಕೇಳುವ ಮೊದಲೇ ಕಾಲು ಮುಂದೆ ಚಾಚಿದರು.

ಅಂದಿನಿಂದ ದಿನಕ್ಕೆ ಎರಡು ಸಲ ಆ ಕಾಲು ನನ್ನ ತೊಡೆಯ ಮೇಲೆ. ಗುಳಿ ತುಂಬುತ್ತ ಬಂದದ್ದನ್ನು ದಿನದಿನವೂ ನೋಡಿದ್ದೇನೆ. ಅಂಚಿನಿಂದ ಒಳಕ್ಕೆ ಎಳೆಯ ಗುಲಾಬಿ ಚರ್ಮ ಅಕ್ಕಿ ಕಾಳಿನಷ್ಟು, ಅಕ್ಕಿ ಕಾಳಿನಷ್ಟು ಸರಿದು ಬಂತು. ಸಂಜೆ ಗಾಯ ಬಿಟ್ಟು ಸುತ್ತಲ ಗಟ್ಟಿ ಚರ್ಮಕ್ಕೆ ಮುಲಾಮು ತಿಕ್ಕುವಾಗ ನನಗೆ ಆ ಹೊತ್ತಿನ ಇನ್ನೊಂದು ಸದ್ದು ಬೇಕೆನಿಸುತ್ತಿತ್ತು, ಲಪಲಪ ಎಂದು ನಾಲಿಗೆಯ ಸದ್ದು, ಮಧ್ಯೆ ಮಧ್ಯೆ ಬಾಲ ಕಂಬಕ್ಕೆ ಬಡಿಯುವುದು. ನಾಯಿಯ ಕೆಲಸ ಮತ್ತೆ ನನ್ನ ಕೈಗೆ ಬಂದಿತ್ತು, ನಾಯಿ ಇರಲಿಲ್ಲ. ಅತ್ತೆ ಊಟಕ್ಕೆ ಕೂತಾಗ ತಟ್ಟೆಯ ಅಂಚಿನ ತುತ್ತನ್ನು ಎತ್ತಿಡುವುದು ನಿಲ್ಲಿಸಲಿಲ್ಲ. ಬೆಳಿಗ್ಗೆ ಅದನ್ನು ನಾನು ಕೋಳಿಗೆ ಹಾಕುತ್ತಿದ್ದೆ.

ಹೋದ ವಾರ ಮಂಡ್ಯಕ್ಕೆ ಹೋದಾಗ ಡಾಕ್ಟರು ಹಿಮ್ಮಡಿಯನ್ನು ಒತ್ತಿ ನೋಡಿ ಗಾಯ ಪೂರ್ತಿ ಮಾಯ್ದಿದೆ ಎಂದರು. ನಾನು ಕೇಳುವ ಮೊದಲೇ ಅತ್ತೆ ಕೇಳಿದರು, ‘ನಾಯಿ ಕರ್ಕಬಂದ್ರೆ ತಪ್ಪೇನವ್ವ?’

‘ತಪ್ಪೇನಿಲ್ಲ ಅಜ್ಜಿ. ನಮ್ಮನೇಲೂ ಎರಡಿವೆ. ಅದಕ್ಕೆ ಸೂಜಿ ಹಾಕಿಸಿರಿ. ಮುಟ್ಟಿದ ಮೇಲೆ ಕೈ ತೊಳೀರಿ. ಕಾಲು ಮುಚ್ಚಿರಲಿ. ಒಡೆದ ಕಡೆ ನೆಕ್ಕೋಕೆ ಬಿಡಬೇಡಿ. ಇನ್ನೊಂದು ಸಲ ಆದ್ರೆ ಈ ಪಾದ ಉಳಿಸ್ತೀನಿ ಅಂತ ನಾನು ಹೇಳಲ್ಲ. ಅಷ್ಟೇ.’

ಹಾಗೆ ಇವತ್ತು ಹೊರಟದ್ದು. ಬಸ್ಸಿನಲ್ಲಿ ಅತ್ತೆ ಕಿಟಕಿ ಪಕ್ಕ. ಕೆ.ಎಂ.ದೊಡ್ಡಿ ದಾಟಿದೆವು. ಆಮೇಲೆ, ‘ಗುರ್ತು ಇಡೀತದಾ?’ ಅಂದರು.

‘ಹಿಡಿಯದೆ ಇರುತ್ತಾ?’

‘ಕಾಲ್ಗೆ ಇದ ಹಾಕಂಡಿದ್ದೀನಲ್ಲ, ವಾಸ್ನೆ ಬತ್ತದಾ ಅಂತ.’

ಬಸ್ಸಿಳಿದ ಕಡೆ, ಊರಿನ ಕೈಮರದ ಹತ್ತಿರ, ನನ್ನ ತಮ್ಮ ಆಟೋ ತಂದು ನಿಂತಿದ್ದ. ಮಧ್ಯಾಹ್ನ ಊಟ ಮುಗಿಸಿ ಅದೇ ಆಟೋದಲ್ಲಿ ನಮ್ಮನ್ನೂ ನಾಯಿಯನ್ನೂ ಮನೆಗೆ ಬಿಡುವುದೆಂದು ಮೊದಲೇ ಮಾತಾಗಿತ್ತು. ಅವನ ಮನೆಯ ಮುಂದೆ ಹುಣಸೆಮರ, ಅದರ ಕೆಳಗೊಂದು ಚಪ್ಪಡಿ ಕಲ್ಲು. ನಾಯಿ ಮರದ ಬುಡದಲ್ಲಿತ್ತು. ಮೈ ತುಂಬಿಕೊಂಡಿತ್ತು. ಅತ್ತೆ ಆಟೋದಿಂದ ಒಂದು ಕಾಲು ಕೆಳಗಿಟ್ಟಿದ್ದಷ್ಟೇ, ಮಡಚಿದ ಕಿವಿ ಎದ್ದಿತು. ಕೂಗಲಿಲ್ಲ. ಹೊಟ್ಟೆಯನ್ನು ನೆಲಕ್ಕೆ ಒತ್ತಿಕೊಂಡು, ಕುಂಯ್‌ಗುಡುತ್ತ, ಹಾವಿನ ಹಾಗೆ ಹರಿದುಕೊಂಡು ಬಂತು. ಬಂದು ಅತ್ತೆಯ ಸುತ್ತ ಸುತ್ತಿತು. ನಿಂತಲ್ಲೇ ಉಚ್ಚೆ ಹೊಯ್ದುಕೊಂಡಿತು.

‘ಥೂ, ಮುಂಡೇದೆ, ನಾಚ್ಕೆ ಆಗಕ್ಕಿಲ್ವಾ ನಿಂಗೆ, ಇಷ್ಟ್ ದೊಡ್ಡವ್ನಾಗಿ’ ಎಂದು ಅತ್ತೆ ಚಪ್ಪಡಿಯ ಮೇಲೆ ಕೂತು ಅದರ ತಲೆಯನ್ನು ಮಡಿಲಿಗೆ ಎಳೆದುಕೊಂಡರು. ‘ನೋಡ್ಲಾ, ಎಂಗ್ ಊದಿದ್ದಾನೆ. ಏನ್ ಇಕ್ತೀಯಪ್ಪ ಇದ್ಕೆ, ಬಿರಿಯಾನಿಯಾ?’

‘ನಿಮ್ಮಟ್ಟಿಲಿ ಒಂದ್ ತುತ್ತು ಇಕ್ತಿದ್ರಿ, ನಾನು ಒಂದ್ ಮುದ್ದೆ ಇಕ್ತೀನಿ ಕಣತ್ತೆ’ ಎಂದ ತಮ್ಮ.

ನಾನೂ ಕೂತು ಅದರ ಬೆನ್ನು ಸವರಿದೆ. ಅದು ನನ್ನ ಕೈಯನ್ನೂ ಮೂಸಿತು, ಆಮೇಲೆ ಕೆಳಗಿಳಿದು ನೇರ ಅತ್ತೆಯ ಬಲಗಾಲಿಗೆ ಹೋಯಿತು. ಕಾಲುಚೀಲದ ಹಿಮ್ಮಡಿಗೆ ಮೂಗು ಒತ್ತಿತು. ಒಂದು ಸಲ ನೆಕ್ಕಿತು. ಬಿಳಿ ಬಟ್ಟೆಯ ಮೇಲೆ ಒದ್ದೆ ಕಲೆ.

‘ಅತ್ತೆ’ ಅಂದೆ.

‘ಕಂಡೆ ಬುಡಮ್ಮಿ.’ ಕಾಲನ್ನು ಸೀರೆಯೊಳಗೆ ಎಳೆದುಕೊಂಡರು. ‘ಬ್ಯಾಡ ಕಣ್ಲಾ. ಅಲ್ಲ್ ಬ್ಯಾಡ.’ ಅದು ಒಂದು ಗಳಿಗೆ ಕೂತಿತು. ಮತ್ತೆ ಸೀರೆಯ ಅಂಚಿನ ಕೆಳಗೆ ಮೂತಿ ತೂರಿಸಿತು. ಅತ್ತೆ ಮತ್ತೆ ಸರಿಸಿದರು. ಮೂರನೆಯ ಸಲ ಅದು ಸೋತು ಕಾಲಿನ ಪಕ್ಕ ಮಲಗಿತು. ರೂಢಿ ಆಗುತ್ತದೆ ಎಂದು ನನಗೆ ಧೈರ್ಯ ಬಂತು. ಕೈ ತೊಳೆದುಕೊಂಡು, ತಮ್ಮನ ಹೆಂಡತಿಗೆ ಸಹಾಯ ಮಾಡಲು ಒಳಗೆ ಹೋದೆ. ಕಾಯಿ ತುರಿದುಕೊಟ್ಟೆ, ಎರಡು ಮಾತಾಡಿದೆ. ಅತ್ತೆಗೆ ಕಾಫಿ ಹಿಡಿದುಕೊಂಡು ಹೊರಗೆ ಬಂದೆ.

ಅತ್ತೆ ನನಗೆ ಬೆನ್ನು ಮಾಡಿ ಕೂತಿದ್ದರು. ಬಲಗಾಲು ಚಾಚಿತ್ತು. ಕಾಲುಚೀಲ ಕಾಲ್ಗಂಟಿನಿಂದ ಕೆಳಕ್ಕೆ ಸುರುಳಿ ಸುತ್ತಿ ಹಿಮ್ಮಡಿಯ ಮೇಲಂಚಿಗೆ ಬಂದು ನಿಂತಿತ್ತು. ಅದನ್ನು ಸುತ್ತಿದ ಬೆರಳುಗಳು ಇನ್ನೂ ಅಲ್ಲೇ ಇದ್ದವು. ನಾಯಿ ಎದ್ದು ಕುಕ್ಕರಿಸಿ, ಬಾಲವನ್ನು ನೆಲಕ್ಕೆ ಬಡಿಯುತ್ತ, ನಮ್ಮ ಜಗಲಿಯಲ್ಲಿ ಕಾಯುತ್ತಿದ್ದ ಹಾಗೆಯೇ ಕಾಯುತ್ತಿತ್ತು.

ಲೋಟದ ಸದ್ದಾಯಿತೋ ಏನೋ, ಅತ್ತೆ ತಿರುಗಿ ನೋಡಿದರು. ಸಿಕ್ಕಿಬಿದ್ದವರ ಮುಖವಲ್ಲ, ತಾನೇ ತನ್ನನ್ನು ಹಿಡಿದವರ ಮುಖ. ನಿಧಾನವಾಗಿ ಕಾಲುಚೀಲವನ್ನು ಮೇಲಕ್ಕೆಳೆದುಕೊಂಡರು. ಮಡಿಕೆ ಬಿಡಿಸಿ ಸರಿಮಾಡಿದರು.

‘ಇಲ್ಲೇ ಇರ್ಲಿ ಬುಡು’ ಅಂದರು.

ನಾನು ಕಾಫಿಯನ್ನು ಕಲ್ಲಿನ ಮೇಲಿಟ್ಟೆ. ‘ಯಾಕತ್ತೆ? ನಾನಿದ್ದೀನಲ್ಲ, ನೋಡ್ಕೋತೀನಿ.’

‘ನೀನು ಅಸ ನೋಡ್ತೀಯೋ, ಒಲೆ ನೋಡ್ತೀಯೋ, ನನ್ ಕಾಲ್ ನೋಡ್ತೀಯೋ? ಸಂದೆ ಆಯ್ತದೆ, ಜಗಲಿ ಮ್ಯಾಲ್ ಕೂತ್ಕತೀನಿ, ಇದು ಬಂದು ಇಂಗೇ ನೋಡ್ತದೆ. ಇದೇನ್ ಮಾಡ್ತದಮ್ಮಿ ಪಾಪ, ಇದು ಸುಮ್ನಿರ್ತದೆ. ನಾನಿರಕ್ಕಿಲ್ಲ.’

‘ಸ್ವಲ್ಪ ದಿನ ಕಟ್ಟಿಹಾಕೋಣ’ ಅಂದೆ. ನನ್ನ ದನಿ ನನಗೇ ಹಟದ ಹಾಗೆ ಕೇಳಿಸಿತು. ಬ್ಯಾಗಿನಲ್ಲಿ ಹಗ್ಗವಿತ್ತು. ಬೋರಲು ಹಾಕಿದ್ದ ಬೋಸಿಯನ್ನು ನಿನ್ನೆಯೇ ತೊಳೆದು ನೆಟ್ಟಗಿಟ್ಟಿದ್ದೆ.

‘ಕಟ್ಟಾಕಿದ್ರೆ ನಾನೇ ಅದ್ರ ತಾವ್ಕೆ ಓಯ್ತೀನಿ ಕಣವ್ವ’ ಎಂದರು ಅತ್ತೆ. ಆಮೇಲೆ ಕಾಫಿ ಲೋಟ ಎತ್ತಿಕೊಂಡು, ‘ಈಗ ಈ ಕಾಲ ನಿನ್ ಕೈಲಿ ಎಷ್ಟ್ ಸಲ ತೊಳುಸ್ದೆ. ಇನ್ನೊಂದ್ ಸಲ ಆ ಮಂಡ್ಯದ್ ಮಂಚ ಬ್ಯಾಡ’ ಎಂದರು.

ತಮ್ಮನಿಗೆ ಹೇಳಿದಾಗ ಅವನು ಅತ್ತೆಯ ಮುಖ, ನನ್ನ ಮುಖ ನೋಡಿ, ‘ಇರ್ಲಿ ಬುಡಕ್ಕ, ದನದ್ ಇಂದೆ ಓಗದ ಕಲ್ತದೆ’ ಅಂದ. ಊಟ ಮಾಡಿದೆವು. ನಾವು ಆಟೋ ಹತ್ತುವ ಹೊತ್ತಿಗೆ ತಮ್ಮನ ಹೆಂಡತಿ ನಾಯಿಗೆ ಮುದ್ದೆ ಹಾಕಿದ್ದಳು. ಅದು ತಲೆ ಬಗ್ಗಿಸಿ ತಿನ್ನುತ್ತಿತ್ತು. ಆಟೋ ಸದ್ದು ಮಾಡಿದಾಗ ಮಡಚಿದ ಕಿವಿ ಒಮ್ಮೆ ಅಲುಗಿತು, ತಲೆ ಎತ್ತಲಿಲ್ಲ. ನಾನು ಕರೆಯಲು ಬಾಯಿ ತೆರೆದೆ.

‘ಕರೀಬ್ಯಾಡ. ತಿನ್ಲಿ’ ಅಂದರು ಅತ್ತೆ.

ನಾಯಿ ಜೊತೆಗಿಲ್ಲವಾದ್ದರಿಂದ ತಮ್ಮ ನಮ್ಮನ್ನು ಬಸ್ಸಿನವರೆಗೆ ಮಾತ್ರ ಬಿಟ್ಟ. ಮನೆ ತಲುಪಿದಾಗ ಹೊತ್ತು ಇಳಿಯುತ್ತಿತ್ತು. ನಮ್ಮನೆಯವರು ಜಗಲಿಯ ಮೇಲೆ ನಿಂತು ದಾರಿ ನೋಡುತ್ತಿದ್ದರು. ನಮ್ಮ ಹಿಂದೆ ನೋಡಿದರು, ನನ್ನ ಕೈ ನೋಡಿದರು. ‘ಅಸಿಗೆ ನೀರ್ ತೋರ್ಸಿದ್ದೀನಿ’ ಎಂದು ಒಳಗೆ ಹೋದರು. ನಾನು ಹಗ್ಗವನ್ನು ಕೊಟ್ಟಿಗೆಯ ಮೊಳೆಗೆ ತಗುಲಿಹಾಕಿದೆ. ಹಸುವಿಗಾದರೂ ಬೇಕಾಗುತ್ತದೆ.

ಹಾಲು ಕರೆದು ಡೈರಿಗೆ ಹಾಕಿದೆ. ಒದ್ದೆ ಕಲೆಯ ಕಾಲುಚೀಲವನ್ನು ಸೋಪು ಹಾಕಿ ತೊಳೆದು ತಂತಿಗೆ ಹಾಕಿದೆ. ಬೇರೆ ಜೊತೆ ತೆಗೆದುಕೊಂಡು ಜಗಲಿಗೆ ಬಂದು ಕೂತೆ. ಅತ್ತೆ ಕಾಲು ನನ್ನ ತೊಡೆಯ ಮೇಲಿಟ್ಟರು. ಇವತ್ತು ಗಡಿಬಿಡಿ ಮಾಡಲಿಲ್ಲ. ಬೆರಳಿನಿಂದ ಹಿಮ್ಮಡಿಯವರೆಗೆ, ಹೊಸ ಚರ್ಮದ ಅಂಚನ್ನು ಬಿಟ್ಟು ಬಿಟ್ಟು, ತಿಕ್ಕಿದೆ. ಅತ್ತೆ ಕಂಬಕ್ಕೊರಗಿ ಕಣ್ಣು ಮುಚ್ಚಿದರು. ತುಸು ಹೊತ್ತಾದ ಮೇಲೆ ನನ್ನ ಕೈ ಸೋತು ನಿಂತಿತು.

‘ಅದು ನಿನ್ನಂಗೆ ಇಷ್ಟ್ ಬ್ಯಾಗ ಬೇಜಾರ್ ಮಾಡ್ಕತಿರ್ನಿಲ್ಲ’ ಅಂದರು, ಕಣ್ಣು ತೆರೆಯದೆ.

‘ಅದಕ್ಕೆ ಮುದ್ದೆ ಕಟ್ಟೋ ಕೆಲಸ ಇರಲಿಲ್ಲವಲ್ಲ ಅತ್ತೆ’ ಅಂದೆ. ಮತ್ತೆ ತಿಕ್ಕಿದೆ.

ಊಟಕ್ಕೆ ರಾಗಿಮುದ್ದೆ, ಹುರುಳಿಕಾಳಿನ ಉಪ್ಪುಸಾರು, ಬೆಳ್ಳುಳ್ಳಿ ಖಾರ, ನಮ್ಮನೆಯವರಿಗೆ ಒಂದು ಹಿಡಿ ಅನ್ನ ಮಜ್ಜಿಗೆ. ಅತ್ತೆ ಎಂದಿನಂತೆ ಸಾರಿಗೆ ಅದ್ದುವ ಮೊದಲೇ ಒಂದು ತುತ್ತು ಮುರಿದು ತಟ್ಟೆಯ ಅಂಚಿಗೆ ಅಂಟಿಸಿದರು. ಅರ್ಧ ಊಟವಾದಮೇಲೆ ಅದನ್ನು ನೋಡಿದರು. ಉರುಟು ಮಾಡಿ ನನ್ನ ತಟ್ಟೆಗೆ ಹಾಕಿದರು. ‘ತಕ್ಕ. ಕಾಲ್ ತಿಕ್ಕೋರ್ದು ಇದು’ ಅಂದರು. ನಮ್ಮನೆಯವರು ನಗಲು ಹೋಗಿ ನಗಲಿಲ್ಲ. ನಾನು ಆ ತುತ್ತನ್ನು ಖಾರದಲ್ಲಿ ಹೊರಳಿಸಿ ನುಂಗಿದೆ.

ಅತ್ತೆ ಮೊದಲು ಮಲಗಿದರು, ಕಾಲುಚೀಲ ಹಾಕಿಕೊಂಡೇ. ಆಮೇಲೆ ನಮ್ಮನೆಯವರು, ಕೊನೆಗೆ ನಾನು.